ಅಸ್ಮರಣವೆಂಬ ಅತಿಚಾರ

ಚತುರ್ದಶಿಯ ದಿನ ಉಪವಾಸವಿರುವ ಶ್ರಾವಕನು ಬೆಳಗ್ಗೆ ಬಸದಿಗೆ ಹೋಗಿ, ಅಭಿಷೇಕವನ್ನು ನೋಡಿ, ಗಂಧೋದಕವನ್ನು ಶಿರಸ್ಸಿಗೆ ಧರಿಸಿ ಮನೆಗೆ ಬರುತ್ತಾನೆ. ಆಮೇಲೆ ಸೂರ್ಯಾಸ್ತದವರೆಗೆ ಅವನ ಮುಂದೆ ದೀರ್ಘವಾದ ಒಂದು ಹಗಲು ಬಿದ್ದಿರುತ್ತದೆ. ಉಳಿದ ದಿನಗಳಲ್ಲಿ ತಿಂಡಿ, ಮಧ್ಯಾಹ್ನದ ಊಟ, ಹೊತ್ತು ಮುಳುಗುವ ಮುಂಚಿನ ಊಟ, ಇವುಗಳ ಹಿಂದುಮುಂದಿನ ಹರಟೆ, ಉಂಡ ಮೇಲಿನ ನಿದ್ದೆ ಎಂದು ಎರಡು-ಮೂರು ಗಂಟೆಗಳಾದರೂ ಅನ್ನದ ಪಾಲಿಗೆ ಸಲ್ಲುತ್ತವೆ. ಉಪವಾಸದ ದಿನ ಆ ಕಾಲವೆಲ್ಲವೂ ಬಿಡುವಾಗಿ ಅವನ ಕೈಗೆ ಬರುತ್ತದೆ. ತಿಂಗಳಿಗೆ ಎರಡು ಅಷ್ಟಮಿ, ಎರಡು ಚತುರ್ದಶಿ. ವರ್ಷಕ್ಕೆ ನಲವತ್ತೆಂಟು ಪರ್ವದಿನಗಳು. ಹಾಗೆ ಬಿಡುವಾದ ಕಾಲವನ್ನು ಕೂಡಿಸಿದರೆ ವರ್ಷದಲ್ಲಿ ನೂರು ಗಂಟೆಗಳಿಗೆ ಮೀರುತ್ತದೆ. ಇಪ್ಪತ್ತು ವರ್ಷ ಅಷ್ಟಮಿ-ಚತುರ್ದಶಿಗಳನ್ನು ತಪ್ಪದೆ ನಡೆಸಿಕೊಂಡು ಬಂದ ಹಿರಿಯರು ಈಗಲೂ ನಮ್ಮ ಮನೆಗಳಲ್ಲಿ ಇದ್ದಾರೆ. ಅವರಿಗೆ ಹೀಗೆ ದೊರೆತ ಎರಡು ಸಾವಿರಕ್ಕೂ ಮೀರಿದ ಗಂಟೆಗಳು ಎಲ್ಲಿಗೆ ಸಂದವು ಎಂಬ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಎಷ್ಟು ಉಪವಾಸಗಳಾದವು ಎಂದು ಕೇಳುವವರು ಮಾತ್ರ ಬಹಳ ಮಂದಿ.

ಈ ಪ್ರಶ್ನೆ ಹೊಸದೇನೂ ಅಲ್ಲ. ಶ್ರೀ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪ್ರೋಷಧೋಪವಾಸದ ಐದು ಅತಿಚಾರಗಳನ್ನು ಹೇಳಿರುವರು. ನೋಡದೆ, ಒರಸದೆ ವಸ್ತುಗಳನ್ನು ತೆಗೆದುಕೊಳ್ಳುವುದು, ಹಾಗೆಯೇ ಇಡುವುದು, ಹಾಗೆಯೇ ಹಾಸುವುದು ಎಂಬ ಮೂರು ಜೀವದಯೆಗೆ ಸಂಬಂಧಿಸಿದವು. ಇವು ಎಲ್ಲರಿಗೂ ಸುಲಭವಾಗಿ ತಿಳಿಯುತ್ತವೆ. ನಾಲ್ಕನೆಯದು ಅನಾದರ, ಐದನೆಯದು ಅಸ್ಮರಣ. ಸಾಮಾಯಿಕದ ಅತಿಚಾರಗಳಲ್ಲಿಯೂ ಕೊನೆಯ ಎರಡು ಇವೇ. ತತ್ತ್ವಾರ್ಥಸೂತ್ರಕಾರರಾದ ಉಮಾಸ್ವಾಮಿಗಳು ಇದನ್ನೇ ಸ್ಮೃತ್ಯನುಪಸ್ಥಾನವೆಂದು ಕರೆದು ಎರಡು ವ್ರತಗಳಿಗೂ ಹೇಳಿದ್ದಾರೆ. ಬೇರೆ ಬೇರೆ ವ್ರತಗಳಿಗೆ ಬೇರೆ ಬೇರೆ ದೋಷಗಳನ್ನು ಎಣಿಸುವ ಶಾಸ್ತ್ರವು ಈ ಎರಡಕ್ಕೂ ಮರೆವನ್ನು ಸಮಾನವಾಗಿ ಇರಿಸಿರುವುದು ಗಮನಿಸತಕ್ಕ ಸಂಗತಿ.

ಏನನ್ನು ಮರೆಯುವುದು? ತಿಥಿಯನ್ನಂತೂ ಇಂದು ಯಾರೂ ಮರೆಯರು. ಗೋಡೆಯ ಮೇಲೆ ಪಂಚಾಂಗವಿದೆ. ಕೈಯಲ್ಲಿರುವ ಮೊಬೈಲಿಗೇ ಹಿಂದಿನ ದಿನ ಸಂಜೆ ಸೂಚನೆ ಬರುತ್ತದೆ. ಮರೆತುಹೋಗುವುದು ಮಾಡಬೇಕಾದ ಕಾರ್ಯ, ಅದರ ಉದ್ದೇಶ. ಆಚಾರ್ಯರು ಉಪವಾಸದ ದಿನದಲ್ಲಿ ಆರಂಭ, ಅಲಂಕಾರ, ಗಂಧಪುಷ್ಪಾದಿಗಳನ್ನು ಬಿಡಬೇಕೆಂದು ಹೇಳಿ ಅಲ್ಲಿಗೇ ನಿಲ್ಲಿಸಿಲ್ಲ. ಧರ್ಮಾಮೃತವನ್ನು ಬಾಯಾರಿದವನಂತೆ ಕಿವಿಯಿಂದ ಕುಡಿಯಬೇಕು, ಇತರರಿಗೂ ಕುಡಿಸಬೇಕು, ಆಲಸ್ಯವಿಲ್ಲದೆ ಜ್ಞಾನ-ಧ್ಯಾನಗಳಲ್ಲಿ ತೊಡಗಿರಬೇಕು ಎಂಬ ಅಭಿಪ್ರಾಯವನ್ನು ಕೂಡಲೇ ಸೇರಿಸಿದ್ದಾರೆ. ಎಂದಮೇಲೆ, ಚತುರ್ವಿಧಾಹಾರ ತ್ಯಾಗವು ವ್ರತದ ಅರ್ಧಭಾಗ. ತೆರವಾದ ಜಾಗದಲ್ಲಿ ಏನನ್ನು ತುಂಬಬೇಕು ಎಂಬುದು ಇನ್ನರ್ಧ. ಹಸಿವನ್ನು ಮರೆಯುವುದಕ್ಕಾಗಿ ಹಗಲೆಲ್ಲ ಮಲಗಿದವನೂ, ಪಾರಣೆಯ ಭಕ್ಷ್ಯಗಳನ್ನು ನೆನೆಯುತ್ತ ಗಡಿಯಾರ ನೋಡಿದವನೂ ಮೊದಲನೆಯ ಅರ್ಧವನ್ನು ನಡೆಸಿದ್ದಾರೆ. ಅವರ ಶ್ರಮವನ್ನು ಹಗುರವಾಗಿ ಕಾಣಬೇಕಾದುದಿಲ್ಲ. ಆದರೆ ಎರಡನೆಯ ಅರ್ಧವು ಹಾಗೆಯೇ ಉಳಿಯಿತು.

ಜಿನಾಗಮದಲ್ಲಿ ಕಾಲದ ವಿಚಾರವು ಎಷ್ಟು ಸೂಕ್ಷ್ಮವಾಗಿದೆ ಎಂಬುದನ್ನು ಇಲ್ಲಿ ನೆನೆಯುವುದು ಉಚಿತ. ಅಸಂಖ್ಯಾತ ಸಮಯಗಳಿಂದ ಒಂದು ಆವಲಿ. ಸಂಖ್ಯಾತ ಆವಲಿಗಳಿಂದ ಒಂದು ಉಚ್ಛ್ವಾಸ. ಏಳು ಉಚ್ಛ್ವಾಸಗಳಿಗೆ ಒಂದು ಸ್ತೋಕ. ಏಳು ಸ್ತೋಕಗಳಿಗೆ ಒಂದು ಲವ. ಮೂವತ್ತೆಂಟೂವರೆ ಲವಗಳಿಗೆ ಒಂದು ನಾಳಿ, ಅಂದರೆ ನಮ್ಮ ಒಂದು ಗಳಿಗೆ. ಎರಡು ಗಳಿಗೆಗಳಿಗೆ ಒಂದು ಮುಹೂರ್ತ. ಗುಣಿಸಿ ನೋಡಿದರೆ 48 ನಿಮಿಷಗಳ ಒಂದು ಮುಹೂರ್ತದಲ್ಲಿ 3773 ಉಚ್ಛ್ವಾಸಗಳಾಗುತ್ತವೆ. (ನಿಮಿಷಕ್ಕೆ ಸುಮಾರು 79 ಆಯಿತು. ಈಗ ನಾವು ಎಣಿಸುವ ಉಸಿರಿಗಿಂತ ಇದು ಆರೋಗ್ಯವಂತನ ನಾಡಿಬಡಿತಕ್ಕೆ ಹತ್ತಿರವಾಗಿದೆ. ಕೈ ಹಿಡಿದು ಎಣಿಸಿ ನೋಡುವ ಕುತೂಹಲವಿದ್ದವರು ನೋಡಬಹುದು.) ಕಾಲವನ್ನು ಅಳೆಯಲು ಆಚಾರ್ಯರು ಬಳಸಿದ ಮಾಪಕವು ಜೀವಿಯ ದೇಹದಲ್ಲಿಯೇ ಇದೆ. ಒಂದೊಂದು ಅಳತೆಯೂ ಆಯುಷ್ಯದಿಂದ ಕಳೆಯುತ್ತಿರುವ ಒಂದೊಂದು ಭಾಗವಾಗಿದೆ. ಸಮಯವೆಂಬ ಶಬ್ದಕ್ಕೆ ಕಾಲದ ಅತ್ಯಂತ ಸಣ್ಣ ಅಂಶವೆಂಬ ಅರ್ಥವಿರುವಂತೆ ಆತ್ಮವೆಂಬ ಅರ್ಥವೂ ಇದೆ. ಕುಂದಕುಂದಾಚಾರ್ಯರ ಸಮಯಸಾರದ ಹೆಸರಿನಲ್ಲಿರುವುದು ಈ ಎರಡನೆಯ ಅರ್ಥ. ಸಮಯ ಹೋಯಿತು ಎಂದು ದಿನಕ್ಕೆ ಹತ್ತು ಸಲ ಹೇಳುವವರ ನೆನಪಿಗೆ ಈ ಇನ್ನೊಂದು ಅರ್ಥವು ಬರುವುದು ಅಪರೂಪ.

ಕಾಲವನ್ನು ಹೀಗೆ ಅಳೆದವರು ವ್ರತಗಳಿಗೂ ಕಾಲದ ಗೆರೆಯನ್ನು ಎಳೆದರು. ಜೀವಮಾನಪರ್ಯಂತ ಹಿಡಿದುದು ಯಮ. ಕಾಲವನ್ನು ನಿರ್ಣಯಿಸಿ ಹಿಡಿದುದು ನಿಯಮ. ಇಂದು, ಈ ಹಗಲು, ಈ ರಾತ್ರಿ, ಒಂದು ಪಕ್ಷ, ಒಂದು ಮಾಸ, ಎರಡು ತಿಂಗಳ ಋತು, ಆರು ತಿಂಗಳ ಅಯನ ಎಂದು ನಿಯಮದ ಅವಧಿಗಳನ್ನು ಶಾಸ್ತ್ರವು ಹೆಸರಿಸುತ್ತದೆ. ದೇಶಾವಕಾಶಿಕದಲ್ಲಿಯೂ ಹೀಗೆಯೇ: ಮನೆ, ಬೀದಿ, ಊರು, ಹೊಲ, ನದಿ, ಕಾಡು ಎಂದು ಸ್ಥಳದ ಮೇರೆ, ವರ್ಷ, ಋತು, ಮಾಸ, ಪಕ್ಷ ಎಂದು ಕಾಲದ ಮೇರೆ. ಗುರಿಯೆಂದರೆ ಮನಸ್ಸಿನಲ್ಲಿ ತೇಲುವ ಒಂದು ಆಸೆಯೆಂದು ಜನರು ಭಾವಿಸುತ್ತಾರೆ. ಶ್ರಾವಕಾಚಾರದ ದೃಷ್ಟಿಯಲ್ಲಿ ಏನು, ಎಲ್ಲಿಯವರೆಗೆ, ಎಷ್ಟು ಕಾಲ ಎಂಬ ಮೂರಕ್ಕೂ ಉತ್ತರವಿಲ್ಲದ ಸಂಕಲ್ಪವು ಸಂಕಲ್ಪವೇ ಅಲ್ಲ. “ಇನ್ನು ಮೇಲೆ ಸ್ವಲ್ಪ ಸ್ವಾಧ್ಯಾಯ ಮಾಡಬೇಕು” ಎನ್ನುವವನು ಏನನ್ನೂ ಹಿಡಿದಿಲ್ಲ. “ಈ ಚಾತುರ್ಮಾಸ ಮುಗಿಯುವವರೆಗೆ ದೀಪ ಹಚ್ಚಿದ ಮೇಲೆ ಒಂದು ಗಳಿಗೆ ರತ್ನಕರಂಡಕವನ್ನು ಓದುವೆನು” ಎಂದವನು ಹಿಡಿದಿದ್ದಾನೆ. ಅವನು ತಪ್ಪಿದರೆ ತಪ್ಪಿದೆನೆಂದು ಅವನಿಗೆ ಗೊತ್ತಾಗುತ್ತದೆ. ಮೊದಲನೆಯವನಿಗೆ ತಪ್ಪುವುದಕ್ಕೂ ಅವಕಾಶವಿಲ್ಲ.

ಇಷ್ಟು ಸಣ್ಣ ಅವಧಿಯ ನಿಯಮದಿಂದ ಏನಾದೀತು ಎನ್ನುವವರಿಗೆ ಯಮಪಾಲನ ಕಥೆಯಿದೆ. ಅಹಿಂಸಾಣುವ್ರತದ ಫಲಕ್ಕೆ ದೃಷ್ಟಾಂತವಾಗಿ ಸಮಂತಭದ್ರಾಚಾರ್ಯರು ಯಾವ ರಾಜನನ್ನೂ ಯಾವ ಶ್ರೇಷ್ಠಿಯನ್ನೂ ಹೆಸರಿಸಲಿಲ್ಲ. ಅರಸನ ಆಜ್ಞೆಯಂತೆ ಅಪರಾಧಿಗಳ ತಲೆ ಕಡಿಯುವ ವೃತ್ತಿಯ ಮಾತಂಗನನ್ನು ಹೆಸರಿಸಿದರು. ಅವನು ಮುನಿಗಳಿಂದ ಪಡೆದ ವ್ರತವು ಒಂದೇ: ಚತುರ್ದಶಿಯ ದಿನ ಜೀವವಧೆ ಮಾಡಲಾರೆ. ಅಷ್ಟಾಹ್ನಿಕ ಪರ್ವದಲ್ಲಿ ಎಂಟು ದಿನ ಯಾರೂ ಜೀವಹಿಂಸೆ ಮಾಡಕೂಡದೆಂದು ಅರಸನು ಸಾರಿಸಿದ್ದನು. ಅರಸನ ಮಗನೇ ಗುಟ್ಟಾಗಿ ಟಗರನ್ನು ಕೊಂದು ತಿಂದನು. ಸಂಗತಿ ಬಯಲಾಗಿ ಅವನಿಗೆ ಮರಣದಂಡನೆ ವಿಧಿಸಲಾಯಿತು. ಯಮಪಾಲನನ್ನು ಕರೆಯಲು ರಾಜಭಟರು ಬಂದರು. ಅಂದು ಚತುರ್ದಶಿ. ಅವನು ಮನೆಯ ಮೂಲೆಯಲ್ಲಿ ಅಡಗಿ, ತಾನು ಬೇರೆ ಊರಿಗೆ ಹೋಗಿರುವೆನೆಂದು ಹೇಳಲು ಹೆಂಡತಿಗೆ ತಿಳಿಸಿದನು. ಭಟರು, ಅಯ್ಯೋ, ರಾಜಕುಮಾರನ ಮೈಮೇಲಿನ ಒಡವೆಗಳೆಲ್ಲ ಇಂದು ಅವನ ಪಾಲಾಗುತ್ತಿದ್ದುವಲ್ಲ ಎಂದು ಮರುಗಿದರು. ಅದನ್ನು ಕೇಳಿದ ಹೆಂಡತಿಯು ಬಾಯಲ್ಲಿ ಊರಿಗೆ ಹೋಗಿದ್ದಾನೆ ಎನ್ನುತ್ತಲೇ ಕೈಯಿಂದ ಮೂಲೆಯನ್ನು ತೋರಿಸಿದಳು. ಹೊರಗೆ ಎಳೆದು ತಂದ ಮೇಲೆ ಯಮಪಾಲನು ಇಂದು ಚತುರ್ದಶಿ, ಇಂದು ಕೊಲ್ಲುವುದಿಲ್ಲ ಎಂದಷ್ಟೇ ಹೇಳಿದನು. ಕುಪಿತನಾದ ಅರಸನು ಇಬ್ಬರನ್ನೂ ಕಟ್ಟಿಸಿ ಮೊಸಳೆಗಳಿದ್ದ ಮಡುವಿಗೆ ಹಾಕಿಸಿದನು. ರಾಜಕುಮಾರನು ಅಳಿದನು; ಯಮಪಾಲನನ್ನು ಜಲದೇವತೆಯು ನೀರಿನ ನಡುವೆ ಸಿಂಹಾಸನದಲ್ಲಿ ಕುಳ್ಳಿರಿಸಿ ಪೂಜಿಸಿದಳು.

ದೇವತೆಯ ಪೂಜೆಯನ್ನು ಕೊಂಡಾಡುವ ಭರದಲ್ಲಿ ಕಥೆಯ ನಡುಭಾಗವು ಅನೇಕ ವೇಳೆ ಬಿಟ್ಟುಹೋಗುತ್ತದೆ. ಯಮಪಾಲನಿಗೆ ಅಂದು ವ್ರತವನ್ನು ಮುಂದೂಡುವುದಕ್ಕೆ ಎಷ್ಟೋ ನೆಪಗಳಿದ್ದುವು: ರಾಜಾಜ್ಞೆ, ಕುಲವೃತ್ತಿ, ಒಡವೆ, ಪ್ರಾಣಭಯ. ನಾಳೆ ಹುಣ್ಣಿಮೆ, ನಾಳೆಯಿಂದ ಸರಿಯಾಗಿ ನಡೆಸುವೆನು ಎಂದು ಅವನೂ ಹೇಳಬಹುದಾಗಿತ್ತು. ಅವನು ಪಕ್ಷಕ್ಕೆ ಒಂದೇ ದಿನವನ್ನು ಹಿಡಿದಿದ್ದನು. ಆ ದಿನ ಯಾವುದೆಂಬುದು, ಆ ದಿನ ತಾನು ಏನಾಗಿರಬೇಕೆಂಬುದು ಅವನಿಗೆ ಸ್ಪಷ್ಟವಾಗಿದ್ದಿತು. ಇದೇ ಸ್ಮರಣ. ಅವನ ಹೆಂಡತಿಯಂತೆ ಬಾಯಿ ಒಂದನ್ನು ಹೇಳಿ ಕೈ ಇನ್ನೊಂದನ್ನು ತೋರುವ ಸ್ಥಿತಿಯು ಉಪವಾಸದ ಮಧ್ಯಾಹ್ನ ಮೊಬೈಲಿನ ಮೇಲೆ ಬೆರಳಾಡಿಸುವ ವ್ರತಿಕನಿಗೆ ಅಪರಿಚಿತವಾಗಿರಲಾರದು.

ಗುರಿಯ ಮಾತಿನಲ್ಲಿ ಇನ್ನೊಂದು ತೊಡಕಿದೆ. ಗುರಿಯೇ ಇಲ್ಲದೆ ವ್ರತ ಮಾಡುವವರಿಗಿಂತಲೂ ತಪ್ಪು ಗುರಿಯಿಟ್ಟು ಮಾಡುವವರ ಸಂಖ್ಯೆ ಹೆಚ್ಚಾಗಿರಬಹುದು. ಮಗನಿಗೆ ಕೆಲಸ ಸಿಕ್ಕಲಿ, ಮಗಳಿಗೆ ಸಂಬಂಧ ಕೂಡಲಿ, ವ್ಯಾಪಾರ ಕೈಹಿಡಿಯಲಿ ಎಂದು ನೋಂಪಿಯನ್ನು ಹಿಡಿಯುವುದು ಊರೂರಲ್ಲಿಯೂ ಇದೆ. ಇವೆಲ್ಲ ಗೃಹಸ್ಥನ ನ್ಯಾಯವಾದ ಚಿಂತೆಗಳೇ. ಅದಕ್ಕಾಗಿ ಅವರನ್ನು ಹೀಯಾಳಿಸುವುದು ಸಲ್ಲದು. ಆದರೆ ತಪಸ್ಸನ್ನು ಬೆಲೆಯಾಗಿ ಕೊಟ್ಟು ಭೋಗವನ್ನು ಕೊಳ್ಳುವ ಬಯಕೆಗೆ ನಿದಾನವೆಂದು ಹೆಸರು. ಮಾಯೆ, ಮಿಥ್ಯಾತ್ವಗಳ ಜೊತೆಗೆ ಅದನ್ನು ಶಲ್ಯವೆಂದು, ಎಂದರೆ ಮೈಯೊಳಗೆ ಮುರಿದುಳಿದ ಮುಳ್ಳೆಂದು ಶಾಸ್ತ್ರವು ಎಣಿಸಿದೆ. ಶಲ್ಯವಿಲ್ಲದವನನ್ನೇ ವ್ರತಿಯೆಂದು ಕರೆದಿದೆ. ಮಗನ ಕೆಲಸಕ್ಕೆ ಬೇಕಾದುದು ಮಗನ ವ್ಯಾಸಂಗ, ಪ್ರಯತ್ನ. ವ್ಯಾಪಾರಕ್ಕೆ ಬೇಕಾದುದು ಲೆಕ್ಕ, ಪ್ರಾಮಾಣಿಕತೆ. ಆ ಗುರಿಗಳಿಗೆ ಆ ಸಾಧನಗಳು. ಉಪವಾಸಕ್ಕೆ ಇರುವ ಗುರಿ ಬೇರೆ: ಇಂದ್ರಿಯಗಳ ಹಿಡಿತ, ಕಷಾಯಗಳ ಉಪಶಮ, ನಿರ್ಜರೆ. ಒಂದರ ಸಾಧನವನ್ನು ಇನ್ನೊಂದಕ್ಕೆ ಹಚ್ಚಿದರೆ ಎರಡೂ ಕೆಡುತ್ತವೆ. ಮಗನಿಗೆ ಕೆಲಸ ಸಿಕ್ಕದಿದ್ದಾಗ ನೋಂಪಿಯೇ ಸುಳ್ಳೆಂದು ಕೈಬಿಟ್ಟ ಮನೆಗಳನ್ನು ಸಮಾಜವು ಕಂಡಿದೆ.

ಹಾಗಾದರೆ ಗೃಹಸ್ಥನು ಏನನ್ನು ಗುರಿಯಾಗಿ ಇಟ್ಟುಕೊಳ್ಳಬೇಕು? ಮೋಕ್ಷವೆಂದು ಎಲ್ಲರೂ ಒಂದೇ ಉಸಿರಿಗೆ ಹೇಳುತ್ತಾರೆ. ಆ ಉತ್ತರ ನಿಜ. ಆದರೆ ಬಹುದೂರದ್ದಾದುದರಿಂದ ನಾಳೆ ಬೆಳಗ್ಗೆ ಏಳು ಗಂಟೆಗೆ ಏನು ಮಾಡಬೇಕೆಂಬುದನ್ನು ಅದು ತಾನಾಗಿ ತಿಳಿಸುವುದಿಲ್ಲ. ಸಮಂತಭದ್ರಾಚಾರ್ಯರು ಹತ್ತಿರದ ಒಂದು ಗುರಿಯನ್ನು ತೋರಿಸಿಕೊಟ್ಟಿದ್ದಾರೆ. ತಪಸ್ಸಿನ ಫಲವು ಅಂತ್ಯಕ್ರಿಯೆಯನ್ನು ಅವಲಂಬಿಸಿದೆ. ಆದುದರಿಂದ ಶಕ್ತಿಯಿರುವಷ್ಟು ಸಮಾಧಿಮರಣಕ್ಕೆ ಯತ್ನಿಸಬೇಕೆಂಬುದು ಅವರ ಅಭಿಪ್ರಾಯ. ಅಂತ್ಯದಲ್ಲಿ ಶಾಂತನಾಗಿ ಆಹಾರವನ್ನೂ ಮಮತೆಯನ್ನೂ ಬಿಡಬೇಕಾದವನು ಇಂದಿನ ಚತುರ್ದಶಿಯಲ್ಲಿ ಹದಿನಾರು ಪ್ರಹರಗಳ ಮಟ್ಟಿಗೆ ಅದನ್ನು ಅಭ್ಯಾಸ ಮಾಡುತ್ತಿದ್ದಾನೆ. ಈ ಸಂಬಂಧವು ಕಣ್ಣಿಗೆ ಬಿದ್ದ ಮೇಲೆ ಪರ್ವದಿನದ ಮಧ್ಯಾಹ್ನದ ರೂಪವೇ ಬದಲಾಗುತ್ತದೆ. ಹಸಿವು ಎದ್ದಾಗ ಸಿಡಿಮಿಡಿಗೊಂಡೆನೇ, ಮೊಮ್ಮಗನ ಮೇಲೆ ರೇಗಿದೆನೇ, ಹಳೆಯ ಆಸ್ತಿಯ ವ್ಯಾಜ್ಯವನ್ನು ಮೆಲುಕುಹಾಕಿದೆನೇ ಎಂದು ನೋಡಿಕೊಳ್ಳುವುದೇ ಆ ದಿನದ ಪಾಠವಾಗುತ್ತದೆ. ನಲವತ್ತು ವರ್ಷ ಉಪವಾಸ ಮಾಡಿಯೂ ಕೊನೆಯ ಹಾಸಿಗೆಯಲ್ಲಿ ತಮ್ಮನ ಮೇಲಿನ ಕೋಪವನ್ನೇ ಆಡಿಕೊಳ್ಳುವವನಿಗೆ ಅನ್ನವನ್ನು ಬಿಡುವ ಅಭ್ಯಾಸವಾಗಿದೆ, ಕೋಪವನ್ನು ಬಿಡುವ ಅಭ್ಯಾಸವಾಗಿಲ್ಲ. ಆಗ ಹೊಸದಾಗಿ ಅಭ್ಯಾಸ ಮಾಡುವುದಕ್ಕೆ ಕಾಲವೂ ಉಳಿದಿರುವುದಿಲ್ಲ.

ಕಾಲವು ಸೋರುವ ತೂತುಗಳನ್ನು ಅನರ್ಥದಂಡ ವಿರತಿಯಲ್ಲಿ ಹೇಳಲಾಗಿದೆ. ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ, ಪ್ರಮಾದಚರ್ಯೆ ಎಂಬ ಐದರಲ್ಲಿ ಮೊದಲಿನ ಎರಡಕ್ಕಿಂತ ಕೊನೆಯ ಮೂರು ಸಾಧುಸ್ವಭಾವದ ಮನೆಗಳೊಳಕ್ಕೂ ನುಗ್ಗುತ್ತವೆ: ಕಂಡವರ ಕೇಡನ್ನು ನೆನೆಯುವುದು, ಮನಸ್ಸನ್ನು ಕಲಕುವ ಕಥೆಗಳನ್ನು ಕೇಳುವುದು, ಕೆಲಸವಿಲ್ಲದೆ ಅಲೆಯುವುದು, ಅಗೆಯುವುದು, ನೀರು ಚೆಲ್ಲುವುದು. ದಂಡವೆಂಬ ಮಾತು ಕನ್ನಡದ ಆಡುನುಡಿಯಲ್ಲಿ ವ್ಯರ್ಥವೆಂಬ ಅರ್ಥವನ್ನೇ ಪಡೆದಿದೆ. ಹೋದ ಕೆಲಸವಾಗದಿದ್ದರೆ ದಿನವೆಲ್ಲ ದಂಡವಾಯಿತು ಎನ್ನುತ್ತೇವೆ. ಹಿಂದೆ ಜಗಲಿಯ ಮೇಲೆ ನಾಲ್ವರು ಕೂಡಿದಾಗ ನಡೆಯುತ್ತಿದ್ದ ವಿಕಥೆಗಳಿಗೆ, ಭೋಜನದ ಕಥೆ, ರಾಜ್ಯದ ಕಥೆ ಇತ್ಯಾದಿಗಳಿಗೆ, ಈಗ ಜಗಲಿಯೂ ಬೇಡ, ನಾಲ್ವರೂ ಬೇಡ. ಒಬ್ಬನೇ ಕುಳಿತು ಕೈಯಲ್ಲಿನ ಯಂತ್ರದಿಂದ ಅರ್ಧರಾತ್ರಿಯವರೆಗೆ ಕೇಳಬಹುದು. ಈ ವಿಷಯದಲ್ಲಿ ಕಿರಿಯರನ್ನು ಮಾತ್ರ ಬಯ್ಯುವ ವಾಡಿಕೆ ನ್ಯಾಯವಾದುದಲ್ಲ. ಅಡಕೆಯ ಮಂಡಿಯ ಲೆಕ್ಕವನ್ನು ಕಿರ್ದಿ-ಖಾತೆಗಳಲ್ಲಿ ಕಾಸಿಗೆ ಕಾಸು ಬರೆದಿಡುವ ಹಿರಿಯರು ಒಂದು ವಾರ ತಮ್ಮ ಹಗಲುಗಳ ಕಿರ್ದಿಯನ್ನು ಬರೆದು ನೋಡಬಹುದು: ಪೂಜೆಗೆ ಇಷ್ಟು, ಸ್ವಾಧ್ಯಾಯಕ್ಕೆ ಇಷ್ಟು, ಅಂಗಡಿಗೆ ಇಷ್ಟು, ವಿಕಥೆಗೆ ಇಷ್ಟು. ಬರೆಯುವ ಕೈ ಮೂರನೆಯ ದಿನಕ್ಕೇ ಸಂಕೋಚಪಡುವುದು.

ಮನೆಯ ಹೆಂಗಸರ ಕಾಲದ ಮಾತನ್ನು ಇಲ್ಲಿ ಬಿಡುವಂತಿಲ್ಲ. ಪರ್ವದಿನವು ಗಂಡಸಿಗೆ ಬಿಡುವನ್ನು ತಂದರೆ ಅನೇಕ ಮನೆಗಳಲ್ಲಿ ಹೆಂಗಸಿಗೆ ದುಪ್ಪಟ್ಟು ಕೆಲಸವನ್ನು ತರುತ್ತದೆ. ತಾನು ಉಪವಾಸವಿದ್ದುಕೊಂಡೇ ಮಕ್ಕಳಿಗೆ ಅಡಿಗೆ ಮಾಡಬೇಕು, ಏಕಭುಕ್ತದವರಿಗೆ ಬೇರೆ ಅಣಿಮಾಡಬೇಕು, ಮಡಿಯ ನೀರು ತರಬೇಕು, ಮರುದಿನದ ಪಾರಣೆಗೆ ಇಂದೇ ಬೀಸಿ ಕುಟ್ಟಬೇಕು. ದಶಲಕ್ಷಣ ಪರ್ವದ ಹತ್ತು ದಿನ ಮನೆಯ ಯಜಮಾನನು ಬಸದಿಯಲ್ಲಿ ಕುಳಿತು ಪ್ರವಚನ ಕೇಳುವಾಗ ಯಜಮಾನಿಯು ಒಲೆಯ ಮುಂದೆ ಇರುತ್ತಾಳೆ. ಉಪವಾಸದ ದಿನ ಆರಂಭವನ್ನು ಬಿಡಬೇಕೆಂಬ ವಿಧಿಯು ಶ್ರಾವಕನಿಗೆ ಹೇಗೋ ಶ್ರಾವಿಕೆಗೂ ಹಾಗೆಯೇ. ಗಂಡಸು ಗಳಿಸಿದ ಪುಣ್ಯಕಾಲವು ಹೆಂಗಸಿನಿಂದ ಕಿತ್ತುಕೊಂಡ ಕಾಲವಾಗಿದ್ದರೆ ಅದು ವ್ರತದ ಲೆಕ್ಕಕ್ಕೆ ಹೇಗೆ ಸೇರೀತು? ಪಾರಣೆಯನ್ನು ಅನ್ನ-ತೊವ್ವೆಗೆ ಇಳಿಸಿದರೆ, ಉದ್ಯಾಪನೆಯ ಭಕ್ಷ್ಯಗಳನ್ನು ಕಡಿಮೆ ಮಾಡಿದರೆ, ಪರ್ವದ ದಿನ ಮಕ್ಕಳ ಊಟದ ಹೊಣೆಯನ್ನು ಉಪವಾಸವಿಲ್ಲದ ಗಂಡಸರು ವಹಿಸಿಕೊಂಡರೆ ಆ ತಾಯಿಗೆ ಎರಡು ಗಳಿಗೆಯ ಸಾಮಾಯಿಕ ದೊರೆಯುತ್ತದೆ.

ಕನ್ನಡ ನಾಡಿನ ಶ್ರಾವಿಕೆಯರು ಅವಕಾಶ ದೊರೆತಾಗ ತಮ್ಮ ಕಾಲವನ್ನು ಏನು ಮಾಡಿದರೆಂಬುದಕ್ಕೆ ದಾನಚಿಂತಾಮಣಿ ಅತ್ತಿಮಬ್ಬೆಯ ಬಾಳೇ ಇದೆ. ಪತಿ ನಾಗದೇವನು ಯುದ್ಧದಲ್ಲಿ ಮಡಿದಾಗ ಅವಳ ತಂಗಿಯೂ ಸವತಿಯೂ ಆದ ಗುಂಡಮಬ್ಬೆಯು ಸಹಗಮನ ಮಾಡಿದಳು. ಅತ್ತಿಮಬ್ಬೆಯು ಉಳಿದಳು, ಮಗ ಅಣ್ಣಿಗದೇವನನ್ನು ಬೆಳೆಸಿದಳು, ವ್ರತಗಳಿಂದ ದೇಹವನ್ನು ದಂಡಿಸಿದಳು. ಪೊನ್ನನ ಶಾಂತಿಪುರಾಣವು ಅಳಿಯದಿರಲೆಂದು ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. 993ರಲ್ಲಿ ರನ್ನನು ಅಜಿತಪುರಾಣವನ್ನು ಮುಗಿಸಿದುದು ಅವಳ ಆಶ್ರಯದಲ್ಲಿ. ಲಕ್ಕುಂಡಿಯಲ್ಲಿ ಅವಳು ಕಟ್ಟಿಸಿದ ಬಸದಿಯ 1007ರ ಶಾಸನವು ಇಂದಿಗೂ ಇದೆ. ಅಚ್ಚುಕೂಟವಿಲ್ಲದ ಕಾಲದಲ್ಲಿ ಓಲೆಗರಿಯ ಮೇಲೆ ಸಾವಿರ ಪ್ರತಿಗಳೆಂದರೆ ಎಷ್ಟು ಲಿಪಿಕಾರರು, ಎಷ್ಟು ವರ್ಷಗಳ ಎಡೆಬಿಡದ ಮೇಲ್ವಿಚಾರಣೆ ಬೇಕಾಗಿದ್ದೀತೆಂದು ಯೋಚಿಸಬಹುದು. ಗಂಡನಿಲ್ಲದ ಮೇಲೆ ಬಾಳಿಗೆ ಅರ್ಥವಿಲ್ಲವೆಂದು ಲೋಕವು ಹೇಳುತ್ತಿದ್ದ ದಿನಗಳಲ್ಲಿ ಅವಳು ಉಳಿದ ಆಯುಷ್ಯಕ್ಕೆ ಗುರಿಯನ್ನು ತಾನೇ ನಿಶ್ಚಯಿಸಿಕೊಂಡಳು.

ಇನ್ನು ನಮ್ಮ ಹಿರಿಯರಲ್ಲಿ ಕೆಲವರು ಬಾಲ್ಯದಲ್ಲಿ ದರ್ಶನ ಪಡೆದ ಮಹಾತ್ಮರ ಮಾತು. ಚಾರಿತ್ರಚಕ್ರವರ್ತಿ ಆಚಾರ್ಯ ಶ್ರೀ ಶಾಂತಿಸಾಗರ ಮಹಾರಾಜರು 1872ರಲ್ಲಿ ಬೆಳಗಾವಿ ಸೀಮೆಯ ಭೋಜ ಗ್ರಾಮದ ಪಾಟೀಲ ಮನೆತನದಲ್ಲಿ ಹುಟ್ಟಿದವರು. ಪೂರ್ವಾಶ್ರಮದ ಹೆಸರು ಸಾತಗೌಡ. 1920ರಲ್ಲಿ ಮುನಿದೀಕ್ಷೆ ಪಡೆದು, ಸಾವಿರಾರು ಉಪವಾಸಗಳನ್ನು ನಡೆಸಿ, ದಕ್ಷಿಣದಿಂದ ಉತ್ತರದವರೆಗೆ ದಿಗಂಬರ ವಿಹಾರಕ್ಕೆ ಮತ್ತೆ ದಾರಿ ಮಾಡಿದರು. ಎಂಬತ್ತು ದಾಟಿದ ಮೇಲೆ ಅವರ ದೃಷ್ಟಿ ಮಂದವಾಗುತ್ತ ಬಂದಿತು. ಕಣ್ಣು ಕಾಣದ ಮುನಿಯು ನೆಲವನ್ನು ನೋಡಿ ನಡೆಯಲಾರನು, ಆಹಾರವನ್ನು ಶೋಧಿಸಲಾರನು. ಜೀವರಕ್ಷಣೆಯಾಗದೆ ಸಂಯಮವು ನಿಲ್ಲದು. ಸುತ್ತಲಿದ್ದ ಭಕ್ತರು ದುಃಖಿತರಾದರು. ಆಚಾರ್ಯರಿಗೆ ಮಾತ್ರ ಮಾಡಬೇಕಾದುದು ಸ್ಪಷ್ಟವಾಗಿದ್ದಿತು. ದೇಹವಿದ್ದುದು ಸಂಯಮಕ್ಕಾಗಿ, ಅದು ಸಂಯಮಕ್ಕೆ ನೆರವಾಗದ ದಿನ ಯಾವುದೆಂಬುದನ್ನು ಅವರು ಗುರುತಿಸಿದರು. 1955ರ ಆಗಸ್ಟ್ 14ರಂದು ಕುಂಥಲಗಿರಿ ಸಿದ್ಧಕ್ಷೇತ್ರದಲ್ಲಿ ಸಲ್ಲೇಖನವನ್ನು ಕೈಕೊಂಡು, ಮೂವತ್ತಾರನೆಯ ದಿನ, ಸೆಪ್ಟೆಂಬರ್ 18ರಂದು ಸಮಾಧಿಯನ್ನು ಹೊಂದಿದರು.

ಸೆಪ್ಟೆಂಬರ್ 8ರಂದು, ಸಲ್ಲೇಖನದ ಇಪ್ಪತ್ತಾರನೆಯ ದಿನ, ಅವರು ಮರಾಠಿಯಲ್ಲಿ ಕೊನೆಯ ಉಪದೇಶವನ್ನು ಕೊಟ್ಟರು. ಅದನ್ನು ಧ್ವನಿಮುದ್ರಿಸಿ ಇಡಲಾಗಿದೆ. ಅಷ್ಟು ದಿನಗಳ ನಿರಾಹಾರದ ಬಳಿಕ ಮಾತಾಡಲು ಉಳಿದಿದ್ದ ಶಕ್ತಿಯನ್ನು ಅವರು ಯಾವುದಕ್ಕೆ ವಿನಿಯೋಗಿಸಿದರೆಂಬುದು ವಿಚಾರಣೀಯ. ಹೆದರಬೇಡಿರಿ, ಸಂಯಮವನ್ನು ಹಿಡಿಯಿರಿ ಎಂಬುದರ ಜೊತೆಗೆ ಅವರು ಗಳಿಗೆಗಳ ಲೆಕ್ಕವನ್ನೂ ಹೇಳಿದರು. ದಿನವೂ ಆತ್ಮಚಿಂತನೆಗೆ ಆರು ಗಳಿಗೆ ಕೊಡುವುದು ಉತ್ತಮ, ನಾಲ್ಕು ಮಧ್ಯಮ, ಎರಡು ಜಘನ್ಯ. ಅದೂ ಆಗದವರು ಹತ್ತು-ಹದಿನೈದು ನಿಮಿಷವಾದರೂ ಕೊಡಬೇಕು. ಅದಕ್ಕೂ ಆಗದವರು ಐದು ನಿಮಿಷವಾದರೂ ಕೊಡಬೇಕೆಂಬುದು ಅವರ ಮಾತಿನ ತಾತ್ಪರ್ಯ. ಮೂವತ್ತೈದು ವರ್ಷ ಕಠೋರ ತಪಸ್ಸನ್ನು ಆಚರಿಸಿದವರು ಗೃಹಸ್ಥರ ಮುಂದೆ ಐದು ನಿಮಿಷದವರೆಗೆ ಇಳಿದು ಬಂದರು. ಮುಂದಿನ ಅಷ್ಟಮಿಯ ಉಪವಾಸಕ್ಕೆ ಪ್ರತ್ಯಾಖ್ಯಾನ ಮಾಡುವವರು ಆ ಐದು ನಿಮಿಷಗಳು ಯಾವ ಹೊತ್ತಿನಲ್ಲಿ, ಮನೆಯ ಯಾವ ಮೂಲೆಯಲ್ಲಿ ಎಂಬುದನ್ನೂ ಆಗಲೇ ನಿಶ್ಚಯಿಸಿಕೊಳ್ಳಬಹುದು.